ಸಂಜೆ ಏಳರ ಹಾಡಿನ ಗುಂಪು

ಕುಡಿತ ಬಿಟ್ಟವರಿಗೆ ದಿನದಲ್ಲಿ ಅತಿ ಕಷ್ಟದ ಹೊತ್ತು ಯಾವುದೆಂದು ಕೇಳಿ ನೋಡಿ. ನಾನು ಕೇಳಿದವರಲ್ಲಿ ಹೆಚ್ಚಿನವರು ಹೇಳಿದ್ದು ಸಂಜೆ ಆರರಿಂದ ಒಂಬತ್ತು. ಕೆಲಸ ಮುಗಿದಿರುತ್ತದೆ, ಜೇಬಿನಲ್ಲಿ ಅಂದಿನ ಕೂಲಿ ಇರುತ್ತದೆ, ಜೊತೆಗಾರರ ಫೋನ್ ಬರುತ್ತದೆ. ಬೆಳಿಗ್ಗೆ ದೇವರ ಪಟದ ಮುಂದೆ ನಿಂತು ಮಾಡಿದ ಆಣೆ ಅಷ್ಟು ಹೊತ್ತಿಗೆ ಸಡಿಲವಾಗಿರುತ್ತದೆ. ಅದಕ್ಕೇ ನಮ್ಮ ಹಾಡಿನ ಗುಂಪು ಸೇರುವುದು ಸಂಜೆ ಏಳಕ್ಕೆ, ಮೊಬೈಲ್ ಪರದೆಯ ಮೇಲೆ. ಒಂದು ಗಂಟೆ ಹಾಡು, ಸ್ವಲ್ಪ ಮಾತು. ಎಂಟಕ್ಕೆ ಅವರವರ ಊಟಕ್ಕೆ ಅವರವರು ಏಳುತ್ತಾರೆ.

ಗುಂಪನ್ನು ನಡೆಸುವವರು ಸಂಗೀತ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಒಬ್ಬ ಆಪ್ತ ಸಮಾಲೋಚಕಿ. ಬರುವವರೆಲ್ಲ ಅವರನ್ನು ಮೇಡಂ ಎನ್ನುತ್ತಾರೆ, ನಾನೂ ಹಾಗೆಯೇ ಕರೆಯುತ್ತೇನೆ. ನಾನು ಸುಗಮ ಸಂಗೀತದ ಪಾಠ ಹೇಳುವವಳು, ಚಿಕಿತ್ಸಕಿಯಲ್ಲ. ಹಾಡು ಕಲಿಸುವುದು, ಶ್ರುತಿ ಹಿಡಿದು ಕೂರುವುದು, ಯಾರ ಗಂಟಲಿಗೆ ಯಾವ ಎತ್ತರ ಹಿತವೋ ನೋಡಿ ಹಾಡನ್ನು ಇಳಿಸಿ ಏರಿಸಿ ಕೊಡುವುದು ನನ್ನ ಕೆಲಸ. ಇಲ್ಲಿರುವ ಅನುಭವಗಳನ್ನು ಅವರವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಊರು ಉದ್ಯೋಗಗಳನ್ನು ಅಲ್ಲಲ್ಲಿ ಬದಲಿಸಿ ಬರೆದಿದ್ದೇನೆ.

ಈ ಕೆಲಸಕ್ಕೆ ನಾನು ಒಪ್ಪಿಕೊಂಡದ್ದು ನನ್ನ ಸೋದರಮಾವನ ನೆನಪಿನಿಂದ. ಊರಿನ ಭಜನಾ ಮಂಡಳಿಯಲ್ಲಿ ಅವರು ಹಾರ್ಮೋನಿಯಂ ನುಡಿಸುತ್ತಿದ್ದರು. ಯಾರು ಎಷ್ಟೇ ಅಪಶ್ರುತಿಯಲ್ಲಿ ಎತ್ತಿಕೊಂಡರೂ ಮೆಲ್ಲಗೆ ಹಿಂದೆಯೇ ಹೋಗಿ ಹಾಡನ್ನು ದಡ ಸೇರಿಸುತ್ತಿದ್ದರು. ಕುಡಿತ ಮಿತಿಮೀರಿದ ಮೇಲೆ ಮಂಡಳಿಯವರು ಇನ್ನು ಬರುವುದು ಬೇಡ ಎಂದುಬಿಟ್ಟರು. ದೇವರ ಮುಂದೆ ಕುಡಿದು ಬಂದವನನ್ನು ಕೂರಿಸಿಕೊಳ್ಳುವುದು ಆ ಕಾಲಕ್ಕೆ ಯಾರಿಂದಲೂ ಆಗದ ಮಾತು, ಅವರನ್ನು ನಾನು ಬಯ್ಯುವುದಿಲ್ಲ. ಆದರೆ ಶನಿವಾರ ಒಂದು ದಿನವಾದರೂ ಭಜನೆ ಮುಗಿಯುವ ತನಕ ಬಾಟಲಿ ಮುಟ್ಟದೆ ಇರುತ್ತಿದ್ದ ಮನುಷ್ಯನಿಗೆ ಆ ಒಂದು ದಿನವೂ ಕೈತಪ್ಪಿತು. ಆಮೇಲೆ ಅವರು ಹೆಚ್ಚು ಕಾಲ ಬದುಕಲಿಲ್ಲ. ಅಷ್ಟು ಚೆನ್ನಾಗಿ ಸಂಗೀತ ಬಲ್ಲವರನ್ನು ಸಂಗೀತ ಉಳಿಸಲಿಲ್ಲ. ಜಮಖಾನೆಯ ಮೇಲೆ ಅವರಿಗಾಗಿ ಒಂದು ಜಾಗ ಬಿಟ್ಟಿದ್ದರೆ ಉಳಿಯುತ್ತಿದ್ದರೇನೋ ಎಂದು ನಾನು ಇಂದಿಗೂ ನಂಬಿದ್ದೇನೆ. ಈ ಗುಂಪಿನಲ್ಲಿ ಕಂಡದ್ದೆಲ್ಲ ಆ ನಂಬಿಕೆಯನ್ನು ಗಟ್ಟಿ ಮಾಡಿದೆ.

ಸಂಗೀತ ಚಿಕಿತ್ಸೆ ಎಂದೊಡನೆ ನಮ್ಮಲ್ಲಿ ಯಾವ ರಾಗ ಕೇಳಿದರೆ ಯಾವ ಕಾಯಿಲೆ ವಾಸಿ ಎಂಬ ಪಟ್ಟಿ ಹೊರಬರುತ್ತದೆ. ಇಂಥ ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಪ್ರತಿವಾರ ನನಗೆ ಬರುತ್ತವೆ, ಕಳಿಸುವವರು ಒಳ್ಳೆಯ ಮನಸ್ಸಿನವರೇ. ಆದರೂ ಅದನ್ನು ನಾನು ಒಪ್ಪುವುದಿಲ್ಲ. ನಾಳೆ ಬೆಳಿಗ್ಗೆ ಕೈ ನಡುಗುತ್ತಾ ಏಳುವ ಮನುಷ್ಯನಿಗೆ ಈ ರಾಗ ಕೇಳು, ಸರಿಹೋಗುತ್ತದೆ ಎನ್ನುವುದು ಕ್ರೌರ್ಯ. ವ್ಯಸನಕ್ಕೆ ಸಂಗೀತ ಚಿಕಿತ್ಸೆ ಕೊಟ್ಟು ನೋಡಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡಿದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಪರಾಮರ್ಶೆಯೊಂದು 2022ರಲ್ಲಿ ಪ್ರಕಟವಾಗಿದೆ. 21 ಪ್ರಯೋಗಗಳು, 1984 ಜನ. ಮಾಮೂಲಿ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯೂ ಸೇರಿದರೆ ಸೆಳೆತ ತಗ್ಗಬಹುದು, ಚಿಕಿತ್ಸೆಯಲ್ಲಿ ಮುಂದುವರಿಯುವ ಮನಸ್ಸು ಹೆಚ್ಚಬಹುದು ಎಂದು ಅದು ಹೇಳುತ್ತದೆ. ಖಿನ್ನತೆ, ಆತಂಕಗಳ ವಿಷಯದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ ಎಂದೂ ಅಷ್ಟೇ ಪ್ರಾಮಾಣಿಕವಾಗಿ ಹೇಳುತ್ತದೆ. ಮಾಮೂಲಿ ಚಿಕಿತ್ಸೆಯ ಜೊತೆಗೆ ಎಂಬ ಮಾತನ್ನು ದಯವಿಟ್ಟು ಗಮನಿಸಿ.

ಏಕೆಂದರೆ ದಿನವೂ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿದು ಇಲ್ಲದ್ದು ಕಾಣಿಸುತ್ತದೆ, ದಿಕ್ಕು ತಪ್ಪುತ್ತದೆ. ವೈದ್ಯರ ಕಣ್ಣಳತೆಯಲ್ಲಿ ಔಷಧಿ, ಥಯಾಮಿನ್ ಎಂಬ ಬಿ1 ವಿಟಮಿನ್ ಬೇಕೇ ಬೇಕು. ನಮ್ಮ ಗುಂಪಿಗೆ ಬರುವವರೆಲ್ಲ ಆ ಹಂತ ದಾಟಿದವರು, ವೈದ್ಯರ ಚೀಟಿ ಇರುವವರು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಗಿ ಮದ್ಯದಂಗಡಿಗಳು ಒಂದೇ ಏಟಿಗೆ ಮುಚ್ಚಿದಾಗ ಏನಾಯಿತೆಂಬುದು ನೆನಪಿದೆಯಲ್ಲ? ಹಠಾತ್ತನೆ ಕುಡಿತ ನಿಂತು ಗಂಭೀರ ಸ್ಥಿತಿಗೆ ಹೋದವರ ಸಂಖ್ಯೆ ಬೆಂಗಳೂರಿನಲ್ಲಿ ಏರಿದ್ದನ್ನು ನಿಮ್ಹಾನ್ಸ್‌ನ ವೈದ್ಯರು ದಾಖಲಿಸಿದರು. ಮೇ 4ರಂದು ರಾಜ್ಯದಲ್ಲಿ ಅಂಗಡಿಗಳು ತೆರೆದಾಗಿನ ಸಾಲುಗಳನ್ನು ಟಿವಿಯಲ್ಲಿ ಎಲ್ಲರೂ ನೋಡಿದೆವು, ನಕ್ಕೆವು ಕೂಡ. ಆ ಸಾಲಿನಲ್ಲಿ ನಿಂತಿದ್ದವರಲ್ಲಿ ಕೆಲವರನ್ನು ಈಗ ಹೆಸರು ಹಿಡಿದು ಬಲ್ಲೆ. ಆ ನಗು ನನಗೆ ಇನ್ನು ಬಾರದು.

ಆ ಮಾರ್ಚ್ 25ರಂದೇ ಕೇಂದ್ರ ಸರ್ಕಾರದ ಟೆಲಿಮೆಡಿಸಿನ್ ಮಾರ್ಗಸೂಚಿಯೂ ಹೊರಬಂತು. ವೈದ್ಯರು, ಸಮಾಲೋಚಕರು ಫೋನಿನಲ್ಲಿ, ವಿಡಿಯೊ ಕರೆಯಲ್ಲಿ ರೋಗಿಗಳನ್ನು ನೋಡುವುದು ಅಲ್ಲಿಂದ ಸಾಮಾನ್ಯವಾಯಿತು. ಗುಂಪು ಚಿಕಿತ್ಸೆಗಳೂ ಪರದೆಗೆ ಬಂದವು. ಸೋಂಕು ಇಳಿದ ಮೇಲೂ ಕೆಲವು ಅಲ್ಲೇ ಉಳಿದುಕೊಂಡದ್ದಕ್ಕೆ ಕಾರಣವಿದೆ. ದೆಹಲಿಯ ಏಮ್ಸ್‌ನವರು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಜನರಲ್ಲಿ ಹಲವರು ಆಸ್ಪತ್ರೆಯ ಮೆಟ್ಟಿಲು ಹತ್ತಲಾರದವರು, ಇಲ್ಲವೇ ಹತ್ತಲು ನಾಚುವವರು. ಅವರ ಕೈಯಲ್ಲಿ ಮೊಬೈಲ್ ಇದೆ.

ಆದರೆ ಮೊಬೈಲ್‌ಗೆ ಸಂಗೀತ ಅರ್ಥವಾಗುವುದಿಲ್ಲ. ಮೊದಲ ಸಂಜೆ ನಾನು ತಂಬೂರಿ ಆ್ಯಪ್ ಹಾಕಿ ಕಣ್ಣು ಮುಚ್ಚಿ ಕೂತೆ. ನನ್ನ ಕೋಣೆಯಲ್ಲಿ ಶ್ರುತಿ ತುಂಬಿಕೊಂಡಿತ್ತು. ಅಷ್ಟರಲ್ಲಿ ಒಬ್ಬರು, ‘ಟೀಚರ್, ಶ್ರುತಿ ನಿಂತುಹೋಯಿತು’ ಎಂದರು. ನಿಂತಿರಲಿಲ್ಲ. ವಿಡಿಯೊ ಕರೆಯ ತಂತ್ರಾಂಶಗಳನ್ನು ಮಾಡಿರುವುದು ಮಾತಿಗಾಗಿ. ಮಾತಿನಲ್ಲಿ ಏರಿಳಿತ, ನಡುವೆ ಬಿಡುವು ಇರುತ್ತದೆ. ಒಂದೇ ಸಮನೆ ಬರುವ ಸದ್ದು ಫ್ಯಾನಿನದೋ ಮಿಕ್ಸಿಯದೋ ಇರಬೇಕೆಂದು ಅದು ಊಹಿಸಿ ಅಳಿಸಿಹಾಕುತ್ತದೆ. ತಂಬೂರಿಯ ಗುಣವೇ ಒಂದೇ ಸಮನೆ ನಿಲ್ಲುವುದು. ಜೂಮ್‌ನಲ್ಲಿ ಮೂಲ ಧ್ವನಿಯನ್ನು ಹಾಗೆಯೇ ಕಳಿಸುವ ಸೌಲಭ್ಯವೊಂದಿದೆ, ಅದನ್ನು ಹಾಕಿಕೊಂಡೆವು. ಆದರೂ ನೆಟ್‌ವರ್ಕ್ ಸಣ್ಣಗಿರುವ ಊರುಗಳಲ್ಲಿ ಶ್ರುತಿ ತುಂಡುತುಂಡಾಗಿ ತಲುಪುತ್ತಿತ್ತು.

ದಾರಿ ತೋರಿಸಿದವರು ಗುಂಪಿನವರೇ. ಬಹಳಷ್ಟು ಮನೆಗಳಲ್ಲಿ ಹಳೆಯ ಕೀಪ್ಯಾಡ್ ಫೋನ್ ಇನ್ನೂ ಬದುಕಿರುತ್ತದೆ, ಅದರೊಳಗೆ ಮೆಮೊರಿ ಕಾರ್ಡ್ ಇರುತ್ತದೆ. ಗಂಡಸರಿಗೊಂದು, ಹೆಂಗಸರಿಗೊಂದು ಶ್ರುತಿಯನ್ನು ಒಂದು ಗಂಟೆಯಷ್ಟು ಉದ್ದಕ್ಕೆ ಧ್ವನಿಮುದ್ರಿಸಿ ಕಳಿಸಿದೆ. ಮಕ್ಕಳ ಕೈಯಲ್ಲಿ ಕಾರ್ಡಿಗೆ ಹಾಕಿಸಿಕೊಂಡರು. ಈಗ ಏಳು ಗಂಟೆಗೆ ಪ್ರತಿ ಮನೆಯಲ್ಲೂ ಅದರದೇ ತಂಬೂರಿ ಶುರುವಾಗುತ್ತದೆ. ಕೊಪ್ಪಳದ ಕಡೆಯ ಒಬ್ಬ ಗೌಂಡಿ ಕೆಲಸದವರು ಎಂಟು ಗಂಟೆಗೆ ನಾವೆಲ್ಲ ಎದ್ದರೂ ಶ್ರುತಿ ಆರಿಸುವುದಿಲ್ಲವಂತೆ. ‘ಒಂಬತ್ತೂವರೆ ತನಕ ಅದು ಮೂಲೆಯಲ್ಲಿ ಹಾಡುತ್ತಾ ಇರುತ್ತದೆ ಮೇಡಂ. ಊಟ ಮಾಡುತ್ತೇನೆ, ಹುಡುಗರನ್ನು ಮಲಗಿಸುತ್ತೇನೆ. ಅಷ್ಟು ಹೊತ್ತಿಗೆ ಹೊರಗೆ ಹೋಗಬೇಕು ಎನ್ನುವುದು ಹೋಗಿರುತ್ತದೆ’ ಎಂದರು. ಇದನ್ನು ಯಾವ ಚಿಕಿತ್ಸಕರೂ ಅವರಿಗೆ ಹೇಳಿಕೊಟ್ಟದ್ದಲ್ಲ.

ಇನ್ನೊಂದು ತೊಡಕು ಲಯದ್ದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಹತ್ತು ಮೀಟರ್ ಅಂತರದಲ್ಲಿ ಕೂತು ಹಾಡುವವರ ನಡುವಿನ ವಿಳಂಬ 30 ಮಿಲಿಸೆಕೆಂಡಿನ ಆಸುಪಾಸು. ಒಟ್ಟಿಗೆ ಲಯ ಹಿಡಿಯಲು ಹೆಚ್ಚುಕಡಿಮೆ ಅದೇ ಗಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ ಚೇಫ್ ಮತ್ತು ಸಂಗಡಿಗರು ಇಬ್ಬಿಬ್ಬರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಚಪ್ಪಾಳೆ ತಟ್ಟಿಸಿ ನೋಡಿದ್ದಾರೆ. ವಿಳಂಬ ಹೆಚ್ಚಿದಂತೆ ಒಬ್ಬರು ಇನ್ನೊಬ್ಬರಿಗಾಗಿ ಕಾದು ಕಾದು ಲಯ ನಿಧಾನವಾಗುತ್ತಾ ಹೋಗುತ್ತದೆ. ವಿಡಿಯೊ ಕರೆಯಲ್ಲಿ ವಿಳಂಬ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ದಾಟಿರುತ್ತದೆ. ಹಾಗಾಗಿ ಎಲ್ಲರೂ ಮೈಕ್ ತೆರೆದು ಒಟ್ಟಿಗೆ ಹಾಡುವುದು ಆಗದ ಕೆಲಸ. ಒಬ್ಬರ ಪಲ್ಲವಿಯ ಮೇಲೆ ಇನ್ನೊಬ್ಬರ ಅನುಪಲ್ಲವಿ ಬಿದ್ದು ಗದ್ದಲವಾಗುತ್ತದೆ.

ಉಳಿದದ್ದು ಭಜನೆಯ ಹಳೆಯ ಪದ್ಧತಿ. ಒಬ್ಬರು ಹೇಳಿಕೊಡುವುದು, ಉಳಿದವರು ಹೇಳುವುದು. ಆದರೆ ಇಲ್ಲಿ ಉಳಿದವರ ಮೈಕ್ ಮುಚ್ಚಿರುತ್ತದೆ. ನಾನು ಒಂದು ಸಾಲು ಹಾಡುತ್ತೇನೆ, ಪರದೆಯಲ್ಲಿ ಬಾಯಿಗಳು ಅಲುಗುತ್ತವೆ, ನನಗೆ ಏನೂ ಕೇಳಿಸುವುದಿಲ್ಲ. ಕೊನೆಗೆ ಒಬ್ಬೊಬ್ಬರಾಗಿ ಮೈಕ್ ತೆರೆದು ಒಂದು ಸಾಲು ಹಾಡುತ್ತಾರೆ, ಮನಸ್ಸಿದ್ದರೆ ಮಾತ್ರ.

ಮುಚ್ಚಿದ ಮೈಕಿನಲ್ಲಿ ಹಾಡುವುದು ಗುಂಪು ಚಿಕಿತ್ಸೆಯ ಉದ್ದೇಶಕ್ಕೇ ವಿರುದ್ಧವೆಂದು ನಾನು ಭಾವಿಸಿದ್ದೆ. ಆದರೆ ಬಂದವರಲ್ಲಿ ಹಲವರು ಹೊಗಳಿದ್ದು ಇದನ್ನೇ. ನಿವೃತ್ತ ಶಿಕ್ಷಕರೊಬ್ಬರು, ‘ಮಕ್ಕಳಿಗೆ ಮೂವತ್ತು ವರ್ಷ ನಾಡಗೀತೆ ಹೇಳಿಕೊಟ್ಟವನು ನಾನು. ನನ್ನ ಕುಡಿತ ಊರಿಗೆ ಗೊತ್ತಾದ ಮೇಲೆ ನಾಲ್ಕು ಜನರ ಮುಂದೆ ಬಾಯಿ ತೆರೆದಿರಲಿಲ್ಲ. ಇಲ್ಲಿ ಎಲ್ಲರೊಡನೆ ಇದ್ದೇನೆ, ಯಾರಿಗೂ ಕೇಳಿಸುವುದಿಲ್ಲ. ಅದರಿಂದ ಗಂಟಲು ಬಿಟ್ಟಿತು’ ಎಂದರು. ಅವರು ಮೈಕ್ ತೆರೆದು ಹಾಡಿದ್ದು ಬಹಳ ಕಾಲದ ಮೇಲೆ. ಯಾರೂ ಒತ್ತಾಯಿಸಿರಲಿಲ್ಲ. ಕುಡಿತ ಬಿಟ್ಟ ಹೊಸತರಲ್ಲಿ ಮನುಷ್ಯನನ್ನು ಬಗ್ಗಿಸಿ ಹಿಡಿದಿರುವುದು ನಾಚಿಕೆ. ನಮ್ಮ ಸಮಾಜ ಅದನ್ನು ದಿನವೂ ಹೊರೆ ಹೊರೆ ಹೊರಿಸುತ್ತದೆ. ನಾಚಿಕೆ ಇಳಿಯುವ ತನಕ ಕೇಳಿಸಿಕೊಳ್ಳದೆ ಕಾಯುವವರು ಬೇಕು, ಪರದೆ ಆ ಅವಕಾಶವನ್ನು ಕೊಡುತ್ತದೆ.

ಎಲ್ಲರಿಗೂ ಹಾಗಲ್ಲ. ಟ್ರ್ಯಾಕ್ಟರ್ ರಿಪೇರಿ ಮಾಡುವ ಹುಡುಗನೊಬ್ಬ, ‘ಗೋಡೆಗೆ ಹಾಡಿದ ಹಾಗೆ ಆಗುತ್ತದೆ ಅಕ್ಕಾ, ಪಕ್ಕದಲ್ಲಿ ಒಂದು ಭುಜ ಬೇಕು’ ಎಂದು ಹೇಳಿ ಬರುವುದನ್ನು ಬಿಟ್ಟ. ಅವನು ಹೇಳಿದ್ದು ಸರಿ. ಅವನಿಗೆ ಮೇಡಂ ತಾಲ್ಲೂಕು ಕೇಂದ್ರದಲ್ಲಿ ಮುಖಾಮುಖಿ ಸೇರುವ ಇನ್ನೊಂದು ಗುಂಪನ್ನು ತೋರಿಸಿಕೊಟ್ಟರು.

ಲಾರಿ ಚಾಲಕರೊಬ್ಬರ ಬಗ್ಗೆ ಬರೆಯಲೇಬೇಕು. ಏಳು ಗಂಟೆಗೆ ಅವರು ಎಲ್ಲಿದ್ದರೂ ಲಾರಿ ನಿಲ್ಲಿಸುತ್ತಾರೆ. ಢಾಬಾದಿಂದ ದೂರ, ಪೆಟ್ರೋಲ್ ಬಂಕಿನ ಬೆಳಕು ಬೀಳುವಲ್ಲಿ. ಫೋನನ್ನು ಸ್ಟಿಯರಿಂಗಿಗೆ ಒರಗಿಸಿ, ಎಡಗೈಯಲ್ಲಿ ಸ್ಟೀಲ್ ಲೋಟ ಹಿಡಿದು, ಬಲಗೈಯ ಉಂಗುರದಿಂದ ಅದರ ಅಂಚಿಗೆ ತಟ್ಟಿ ತಾಳ ಹಾಕುತ್ತಾರೆ. ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಬೆರಳು ನಡುಗಿ ಒಂದು ಪೆಟ್ಟಿಗೆ ಎರಡು ಬೀಳುತ್ತಿದ್ದವು. ಅವರು ತಡೆದು, ಲೋಟವನ್ನು ತೊಡೆಗೆ ಆನಿಸಿಕೊಂಡು, ಮತ್ತೆ ಒಂದನೆಯ ಪೆಟ್ಟಿನಿಂದ ಎತ್ತಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತ ಕ್ಲೀನರ್ ಹುಡುಗ ಮೊದಮೊದಲು ಕಿಟಕಿಯ ಕಡೆ ಮುಖ ಮಾಡಿರುತ್ತಿದ್ದ, ಈಗ ಅವನೂ ಹಾಡುತ್ತಾನೆ. ಢಾಬಾದವರು ಇವರಿಗೆ ಹೊಸ ಹೆಸರಿಟ್ಟಿದ್ದಾರಂತೆ, ಭಜನೆ ಡ್ರೈವರ್ ಎಂದು. ‘ಮೊದಲಿನ ಹೆಸರಿಗಿಂತ ವಾಸಿ’ ಎಂದರು. ಮೊದಲಿನ ಹೆಸರು ಏನೆಂದು ನಾವು ಕೇಳಲಿಲ್ಲ.

ಸಂಗೀತವೇ ಅಪಾಯವಾಗುವವರೂ ಇದ್ದಾರೆ. ಇದನ್ನು ಸಂಗೀತದವರು ಹೇಳುವುದು ಕಡಿಮೆ. ಬಾರಿನಲ್ಲಿ ಕೇಳಿದ ಹಳೆಯ ಸಿನಿಮಾ ಹಾಡು ಆಟೋದ ಸ್ಪೀಕರಿನಲ್ಲಿ ಬಂದರೆ ನಾಲಿಗೆ ಒಣಗುತ್ತದೆ ಎಂದವರು ನಮ್ಮಲ್ಲೇ ಇದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜೆನೆವೀವ್ ಡಿಂಗಲ್ ಮತ್ತು ಸಂಗಡಿಗರು ವ್ಯಸನ ಚಿಕಿತ್ಸೆಯಲ್ಲಿರುವವರನ್ನೇ ಕೇಳಿ, ಹಾಡು ಸೆಳೆತವನ್ನು ಇಳಿಸಬಲ್ಲದು, ಏರಿಸಲೂ ಬಲ್ಲದು ಎಂದು ದಾಖಲಿಸಿದ್ದಾರೆ. ಮೇಡಂ ಒಂದು ಸಂಜೆಯಿಡೀ ಇದಕ್ಕೇ ಮೀಸಲಿಟ್ಟರು. ಯಾವ ಹಾಡು ಎಲ್ಲಿಗೆ ಕರೆದೊಯ್ಯುತ್ತದೆ ಎಂದು ಒಬ್ಬೊಬ್ಬರೂ ಹೇಳಿದರು. ಫೋನಿನಿಂದ ಕೆಲವು ಹಾಡುಗಳನ್ನು ಅಲ್ಲೇ ಅಳಿಸಿದರು. ಒಬ್ಬರು ಅಳಿಸಲಾರೆ ಎಂದರು. ಅದು ಅವರ ತೀರಿಕೊಂಡ ಹೆಂಡತಿಗೆ ಇಷ್ಟವಾಗಿದ್ದ ಹಾಡು. ಹಾಗಿದ್ದರೆ ಬೆಳಿಗ್ಗೆ ಸ್ನಾನವಾದ ಮೇಲೆ ಕೇಳಿ, ಸಂಜೆ ಬೇಡ ಎಂದು ಗುಂಪಿನವರೇ ಸಲಹೆ ಕೊಟ್ಟರು.

ಎಲ್ಲರಿಗಿಂತ ಕಷ್ಟ ತಮಟೆ ನುಡಿಸುವ ಅಣ್ಣನದು. ಮೆರವಣಿಗೆ, ಜಾತ್ರೆ, ಸಾವು, ಮದುವೆ ಎಲ್ಲಕ್ಕೂ ಅವರು ಬೇಕು. ನುಡಿಸುವವರಿಗೆ ಮೆರವಣಿಗೆ ಮುಗಿಯುವ ತನಕ ಕುಡಿಸುತ್ತಲೇ ಇರುವುದು ಎಷ್ಟೋ ಊರುಗಳಲ್ಲಿ ಇಂದಿಗೂ ರೂಢಿ, ಕೂಲಿಯ ಒಂದು ಪಾಲನ್ನು ಕ್ವಾರ್ಟರ್ ಬಾಟಲಿಯಲ್ಲೇ ತೀರಿಸುವವರೂ ಇದ್ದಾರೆ. ಇದು ಅನ್ಯಾಯ. ಕಲಾವಿದನ ದೇಹವನ್ನು ತಿಂದು ಅವನಿಂದ ಕಲೆ ತೆಗೆಯುವ ಈ ರೂಢಿಯನ್ನು ನಿಲ್ಲಿಸುವುದು ಕುಡಿಸುವ ಊರಿನವರ ಕೈಯಲ್ಲಿದೆ. ಕುಡಿತ ಬಿಡಬೇಕಾದರೆ ತಮಟೆ ಬಿಡು ಎಂದು ಅವರಿಗೆ ಬಂಧುಗಳೇ ಹೇಳಿದ್ದರಂತೆ. ಹನ್ನೆರಡನೆಯ ವಯಸ್ಸಿನಿಂದ ಕೈಗೆ ಹತ್ತಿದ ವಿದ್ಯೆಯನ್ನು, ಅನ್ನವನ್ನು ಬಿಡುವುದು ಹೇಗೆ?

ಪರದೆಯ ಮೇಲೆ ತಮಟೆಯ ಪೆಟ್ಟು ಬರೀ ಒಡಕು ಸದ್ದಾಗಿ ಬರುತ್ತದೆ. ಹಾಗಾಗಿ ಅವರು ಪೆಟ್ಟುಗಳನ್ನು ಬಾಯಲ್ಲಿ ಹೇಳಿಕೊಟ್ಟರು, ನಾವೆಲ್ಲ ತೊಡೆಯ ಮೇಲೆ ಬಾರಿಸಿದೆವು. ನಾನು ಅಂದು ಕಲಿಯುವವಳಾಗಿ ಕೂತಿದ್ದೆ. ಏಳು-ಐದು ಎಣಿಕೆಯ ಲಯದ ನಡೆಯಲ್ಲಿ ನನ್ನ ಕೈ ಎರಡು ಬಾರಿ ತಪ್ಪಿತು, ಅವರು ‘ಆತುರ ಬೇಡ ಟೀಚರ್’ ಎಂದರು. ಅಂದು ಅವರ ಮುಖದಲ್ಲಿ ಕಂಡ ಗಾಂಭೀರ್ಯವನ್ನು ಹೇಗೆ ಬರೆಯಲಿ? ಆಮೇಲೆ ಗುಂಪು ಕೂತು ಅವರೊಡನೆ ಉಪಾಯ ಹೂಡಿತು. ಕೂಲಿ ಹಣದಲ್ಲೇ, ಮುಂಚಿತವಾಗಿ. ಚೀಲದಲ್ಲಿ ತಮ್ಮದೇ ಮಜ್ಜಿಗೆ ಬಾಟಲಿ. ಮೆರವಣಿಗೆಯ ನಡುವೆ ಬಿಡುವು ಸಿಕ್ಕಾಗ ಗುಂಪಿನಲ್ಲಿ ಒಬ್ಬರಿಗೆ ಫೋನ್. ಗಣೇಶನ ಹಬ್ಬದ ರಾತ್ರಿ ಅವರ ಫೋನಿಗಾಗಿ ಮೂವರು ಎಚ್ಚರವಿದ್ದರು. ಎರಡು ಮೆರವಣಿಗೆ ದಾಟಿದರು, ಮೂರನೆಯದರಲ್ಲಿ ಕುಡಿದರು. ಮರುದಿನ ಏಳಕ್ಕೆ ಬಂದರು.

ಬಂದರು ಎಂಬುದು ಮುಖ್ಯ. ನಮ್ಮಲ್ಲಿ ಒಂದೇ ಕಟ್ಟುಪಾಡು. ಕುಡಿದಿದ್ದ ದಿನ ಮೈಕ್ ತೆರೆಯುವಂತಿಲ್ಲ, ಆದರೆ ಕೂರಬಹುದು. ಮರುದಿನ ಬರಲೇಬೇಕು, ಬಾರದಿದ್ದರೆ ಮೇಡಂ ಫೋನ್ ಮಾಡುತ್ತಾರೆ. ಯಾಕೆ ಕುಡಿದಿರಿ ಎಂಬ ಪ್ರಶ್ನೆ ಇಲ್ಲ. ಊಟ ಆಯಿತೇ, ಮಾತ್ರೆ ತೆಗೆದುಕೊಂಡಿರಾ ಎಂಬುದಷ್ಟೇ. ಸೋದರಮಾವನಿಗೆ ಸಿಗದ ಆ ಜಾಗ ಇಲ್ಲಿ ಯಾರಿಗೂ ತಪ್ಪಬಾರದೆಂದು ನನ್ನ ಹಠ, ಮೇಡಂ ಅದನ್ನು ನನಗಿಂತ ಮೊದಲೇ ನಿಯಮ ಮಾಡಿದ್ದರು.

ಹೆಂಗಸರ ಮಾತು ಬೇರೆಯೇ. ಆ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕುಡಿಯುವ ಗಂಡಸರ ಪ್ರಮಾಣ ಶೇಕಡಾ 27.3, ಹೆಂಗಸರದ್ದು ಶೇಕಡಾ 1.6. ಸಂಖ್ಯೆ ಸಣ್ಣದಾದ್ದರಿಂದ ಅವರಿಗೆ ಜಾಗವೂ ಸಣ್ಣದಾಗಿದೆ. ನಮ್ಮಲ್ಲಿಗೆ ಬರುವ ಒಬ್ಬ ಗೃಹಿಣಿ ಪರದೆಯಲ್ಲಿ ಹೆಸರಿನ ಬದಲು ಒಂದೇ ಒಂದು ಅಕ್ಷರ ಹಾಕಿಕೊಂಡಿದ್ದಾರೆ. ಕ್ಯಾಮೆರಾ ಎಂದೂ ತೆರೆದಿಲ್ಲ. ತಾರಸಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಕೂತು ಹಾಡುತ್ತಾರೆ, ಕೆಲವು ಸಲ ಕುಕ್ಕರಿನ ಕೂಗು ಕೇಳಿ ಓಡಿ ಹೋಗುತ್ತಾರೆ. ‘ಆಸ್ಪತ್ರೆಯಲ್ಲಿ ಚೀಟಿ ಮಾಡಿಸಲು ನಿಂತರೆ ನಮ್ಮ ಬೀದಿಯವರೇ ಇಬ್ಬರು ಸಿಗುತ್ತಾರೆ. ಗಂಡಸು ಕುಡಿದರೆ ಅವನ ಹಣೆಬರಹ ಎನ್ನುತ್ತಾರೆ, ನಾನು ಕುಡಿದರೆ ನನ್ನ ಮಕ್ಕಳ ಮದುವೆ ನಿಲ್ಲುತ್ತದೆ’ ಎಂದರು. ಆನ್‌ಲೈನ್ ಗುಂಪು ಬೇಕೇ ಎಂದು ಯಾರಾದರೂ ನನ್ನೊಡನೆ ವಾದಿಸಿದರೆ ನಾನು ಕೊಡುವ ಉತ್ತರ ಈ ಒಬ್ಬರು.

ವಾರಕ್ಕೊಮ್ಮೆ ಹಾಡು ಕಟ್ಟುವುದಿರುತ್ತದೆ. ಮೇಡಂ ಅರ್ಧ ಸಾಲು ಕೊಡುತ್ತಾರೆ, ಉಳಿದರ್ಧ ಅವರವರದು. ಎಲ್ಲರಿಗೂ ಗೊತ್ತಿರುವ ತತ್ವಪದದ ಮಟ್ಟು ಹಿಡಿಯುತ್ತೇವೆ. ಬಂದದ್ದರಲ್ಲಿ ಕೆಲವು ಸಾಲುಗಳನ್ನು ಬರೆದವರ ಒಪ್ಪಿಗೆ ಕೇಳಿ ಇಲ್ಲಿ ಕೊಡುತ್ತಿದ್ದೇನೆ:

ಸಾಲದ ಪುಸ್ತಕದಲ್ಲಿ ನನ್ನ ಹೆಸರು ದೊಡ್ಡದು,
ಶಾಲೆಯ ಪುಸ್ತಕದಲ್ಲಿ ಮಗನ ಹೆಸರು ಹೊಸದು.

ಏಳು ಹೊಡೆದರೆ ಕಾಲು ಎಳೆವುದು ತಿರುವಿಗೆ,
ತಿರುವಿನಾಚೆ ಮಗಳು ಕೂತಿಹಳು ಓದಿಗೆ.

ಬಾಗಿಲು ಹಾಕಿ ಕುಡಿದೆ, ಬಾಗಿಲು ಹಾಕಿ ಅತ್ತೆ,
ಬಾಗಿಲು ಹಾಕಿಯೇ ಹಾಡುವೆ, ಕೇಳಿರಿ ಮತ್ತೆ.

ಕೊನೆಯದು ಆ ಗೃಹಿಣಿಯದು ಎಂದು ಬೇರೆ ಹೇಳಬೇಕಿಲ್ಲ. ಎಲ್ಲರೂ ತಮ್ಮ ತಮ್ಮ ಫೋನಿನಲ್ಲಿ ಇಡೀ ಹಾಡನ್ನು ಹಾಡಿ ಕಳಿಸಿದರು. ನನ್ನ ಶಿಷ್ಯನೊಬ್ಬ ಕಂಪ್ಯೂಟರಿನಲ್ಲಿ ಅವನ್ನೆಲ್ಲ ಒಂದರ ಮೇಲೊಂದು ಕೂರಿಸಿದ. ಶ್ರುತಿ ತಪ್ಪಿದ ಕಡೆ ತಿದ್ದುವ ತಂತ್ರಾಂಶ ಇದೆ ಎಂದ, ಮುಟ್ಟಬೇಡ ಎಂದೆ. ಹೊಸ್ತಿಲು ದಾಟಲು ಅಂಜಿದವರ ದನಿಗಳು ಅವು, ತಿದ್ದಿದರೆ ಇನ್ನಾರದೋ ಆಗುತ್ತವೆ. ಅಷ್ಟು ಕಾಲ ಬಾಯಿ ಅಲುಗುವುದನ್ನಷ್ಟೇ ನೋಡಿದ್ದವರು ಅಂದು ಮೊದಲ ಬಾರಿಗೆ ಮೇಳವಾಗಿ ತಮ್ಮನ್ನು ತಾವೇ ಕೇಳಿದರು. ನಿವೃತ್ತ ಶಿಕ್ಷಕರು, ‘ನನ್ನ ದನಿ ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಎಲ್ಲರೊಳಗೆ ಸೇರಿಹೋಗಿತ್ತು, ಬಹಳ ನೆಮ್ಮದಿಯಾಯಿತು’ ಎಂದರು. ತಾರಸಿಯ ಗೃಹಿಣಿ ಅದಕ್ಕೆ ಪೂರ್ತಿ ವಿರುದ್ಧವಾದ ಮಾತಾಡಿದರು. ತಮ್ಮ ದನಿ ಮೊದಲ ಸಾಲಿನಲ್ಲೇ ಸಿಕ್ಕಿತು, ಇಷ್ಟು ಗಟ್ಟಿಯಾಗಿದೆ ಎಂದು ಗೊತ್ತಿರಲಿಲ್ಲ ಎಂದರು.

ಆಗದ ಕೆಲಸಗಳ ಪಟ್ಟಿಯೂ ಉದ್ದವಿದೆ. ಪರದೆಯಲ್ಲಿ ವಾಸನೆ ಬರುವುದಿಲ್ಲ. ಕ್ಯಾಮೆರಾ ಮುಚ್ಚಿ ಕುಡಿಯುತ್ತಲೇ ಕೂತವರು ಇದ್ದರೆಂದು ಆಮೇಲೆ ತಿಳಿಯಿತು. ಅಳು ಬಂದು ಮಾತು ಕಟ್ಟಿದ ಕ್ಷಣದಲ್ಲೇ ನೆಟ್‌ವರ್ಕ್ ಹೋಗುತ್ತದೆ, ಮುಖ ಹಾಗೆಯೇ ಪರದೆಯಲ್ಲಿ ನಿಂತುಬಿಡುತ್ತದೆ, ಮುಂದೇನಾಯಿತೆಂದು ತಿಳಿಯದೆ ನಾವು ಒದ್ದಾಡುತ್ತೇವೆ. ಅದಕ್ಕಾಗಿ ಪ್ರತಿಯೊಬ್ಬರೂ ಸೇರುವಾಗಲೇ ಮನೆಯವರ ಅಥವಾ ಗೆಳೆಯರ ಒಂದು ನಂಬರ್ ಕೊಟ್ಟಿರುತ್ತಾರೆ. ಅಂದು ಎಲ್ಲಿ ಕೂತಿದ್ದೇವೆಂದು ಆರಂಭದಲ್ಲೇ ಹೇಳುತ್ತಾರೆ. ಮನೆಯಲ್ಲಿ ಒಂದೇ ಕೋಣೆ ಇದ್ದರೆ ಗುಟ್ಟು ಉಳಿಯುವುದಿಲ್ಲ. ಒಬ್ಬರ ಅತ್ತಿಗೆ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದರು. ಇನ್ನೊಬ್ಬರ ಮನೆಯಲ್ಲಿ ಇರುವ ಒಂದು ಸ್ಮಾರ್ಟ್‌ಫೋನ್ ಮಗಳ ಟ್ಯೂಷನ್ನಿಗೂ ಏಳಕ್ಕೇ ಬೇಕು. ತಂದೆ ಎರಡು ದಿನ, ಮಗಳು ಉಳಿದ ದಿನ ಎಂದು ಹಂಚಿಕೊಂಡಿದ್ದಾರೆ.

ಕುಂದಾಪುರದ ಕಡೆಯ ಒಬ್ಬರು ಮಸ್ಕತ್‌ನಿಂದ ಸೇರುತ್ತಾರೆ. ಅಲ್ಲಿ ಆಗ ಐದೂವರೆ. ಕಾರ್ಮಿಕರ ವಸತಿಯಲ್ಲಿ ಆರು ಜನ ಇರುವ ಕೋಣೆ, ಹಾಡಲು ಜಾಗವಿಲ್ಲ, ಬಟ್ಟೆ ಒಣಗಿಸುವ ಬಾಲ್ಕನಿಯಲ್ಲಿ ಬರೀ ತುಟಿ ಆಡಿಸುತ್ತಾರೆ. ಅವರು ಬರುವುದು ಹಾಡಿಗಲ್ಲ, ಕನ್ನಡ ಕೇಳುವುದಕ್ಕೆ ಎಂದು ಅವರೇ ಹೇಳಿದ್ದಾರೆ. ಬರಲಿ.

ಈಗ ಗುಂಪಿನಲ್ಲಿ ಒಂದು ಜಗಳ ನಡೆದಿದೆ. ಒಮ್ಮೆಯಾದರೂ ಎಲ್ಲರೂ ಒಂದೆಡೆ ಸೇರಿ, ಮುಖಾಮುಖಿ ಕೂತು ಹಾಡಬೇಕೆಂದು ಅರ್ಧ ಜನ. ಅವರಲ್ಲಿ ಇಬ್ಬರು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರದಿಂದ ಬಂದವರು, ಊರ ನಡುವೆ ಒಂದೇ ಸೂರಿನಡಿ ಉಂಡು, ಮಲಗಿ, ಭಜನೆ ಹಾಡಿದ ನೆನಪು ಅವರಿಗೆ ಹಸಿರಾಗಿದೆ. ಆಮೇಲೆ, ಶಿಬಿರ ಮುಗಿಸಿ ಕುಡಿತ ಬಿಟ್ಟವರು ಸೇರುವ ಊರಿನ ನವಜೀವನ ಸಮಿತಿಗೆ ಹೋಗುತ್ತಲೇ ಇದ್ದಾರೆ. ಮುಖ ನೋಡದೆ ಎಂಥ ನಂಟು ಎಂದು ಅವರ ವಾದ. ಇನ್ನರ್ಧ ಜನಕ್ಕೆ ಮುಖ ತೋರಿಸುವುದೇ ಆಗದ ಮಾತು. ಲಾರಿಯ ಅಣ್ಣ ಎರಡೂ ಕಡೆಯವರನ್ನು ಸಮಾಧಾನ ಮಾಡುತ್ತಾ, ಬರುವವರು ಬರಲಿ, ಬಾರದವರ ಫೋನನ್ನು ನಡುವೆ ಇಟ್ಟುಕೊಳ್ಳೋಣ ಎಂದಿದ್ದಾರೆ. ದಾವಣಗೆರೆಯಲ್ಲಿ ಒಂದು ಸಮುದಾಯ ಭವನ ನೋಡಿ ಬಂದಿದ್ದೇವೆ. ಗೃಹಿಣಿ ಬರುವುದಿಲ್ಲ ಎಂದು ಖಚಿತವಾಗಿ ಹೇಳಿದ್ದಾರೆ, ಹಾಡನ್ನು ಮಾತ್ರ ಮೊದಲೇ ಕಳಿಸಿಕೊಡುತ್ತಾರಂತೆ.

ಇದನ್ನು ಓದುವವರ ಮನೆಯಲ್ಲಿ ಯಾರಾದರೂ ಈ ಸುಳಿಯಲ್ಲಿದ್ದರೆ, ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯರನ್ನು ಕಾಣಿ. 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಹಣ ಕೊಡಬೇಕಾಗಿಲ್ಲ.

ಕಳೆದ ವಾರ ಗೌಂಡಿ ಕೆಲಸದವರು ಒಂದು ಬೇಡಿಕೆ ಇಟ್ಟರು. ನಾವು ಸೇರುವುದು ಸೋಮವಾರದಿಂದ ಶುಕ್ರವಾರ. ಅವರಿಗೆ ಬಟವಾಡೆ ಶನಿವಾರ, ಕೈಗೆ ದುಡ್ಡು ಬರುವ ಆ ಸಂಜೆಯೇ ಗುಂಪಿಲ್ಲದಿದ್ದರೆ ಹೇಗೆ ಎಂದು ಕೇಳಿದರು. ಮೇಡಂ ನನ್ನ ಮುಖ ನೋಡಿದರು. ಶನಿವಾರ ಸಂಜೆ ನನಗೆ ಮಕ್ಕಳ ಪಾಠವಿರುತ್ತದೆ, ಅದನ್ನು ಭಾನುವಾರ ಬೆಳಿಗ್ಗೆಗೆ ಹಾಕಿಕೊಂಡಿದ್ದೇನೆ. ಈ ವಾರದಿಂದ ಶನಿವಾರವೂ ಏಳಕ್ಕೆ ಸೇರುತ್ತೇವೆ.